ಕೈಯಿಂದ ಕೈಗೆ

"ಅಕ್ಕುವಿನ ಕೈಯಿಂದ ನೇರ ತೆಗೆದುಕೊಳ್ಳಬೇಡಿ ಭಟ್ರೇ. ನೆಲದಲ್ಲಿ ಇಡಲಿಕ್ಕೆ ಹೇಳಿ. ಮತ್ತೆ ಎತ್ತಿಕೊಳ್ಳಿ."

ಕಾಪುವಿನಲ್ಲಿ ಬಸ್ಸು ನಿಲ್ಲುವ ಜಾಗದ ಚಾ ಅಂಗಡಿಯಲ್ಲಿ ಕುಳಿತಿದ್ದ ದೂಮಪ್ಪನೆಂಬ ಮುದುಕ ಇಷ್ಟು ಹೇಳಿ, ಪಕ್ಕಕ್ಕೆ ತಿರುಗಿ ಮೂರು ಸಲ ಉಗುಳಿದ. ಬಾಯಿ ತುಂಬ ಎಲೆಯಡಿಕೆ. ಮಾತು ಅರ್ಧ, ರಸ ಅರ್ಧ. ಕಣ್ಣುಗುಡ್ಡೆ ಮೇಲಕ್ಕೆ ಹೊರಳಿಸಿ, ದನಿ ಇಳಿಸಿ, ನಾಟಕದ ಮಂತ್ರವಾದಿಯ ಹಾಗೆ ಎದೆಗೆ ಕೈ ಒತ್ತಿಕೊಂಡು ಹೇಳಿದ್ದ. ಹಯಗ್ರೀವನಿಗೆ ನಗು ತಡೆಯಲಾಗಲಿಲ್ಲ. ಅವನು ಕೇಳಿದ್ದು ಅಕ್ಕುವಿನ ಮಗ ಚಂದುವಿನ ಮನೆ ಎಲ್ಲಿ ಎಂದು, ಅಷ್ಟೇ. ಅಲ್ಲಿ ಮಾರಲಿಕ್ಕೆ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು ಇದೆ ಎಂದು ಕೇಳಿ ಉಡುಪಿಯಿಂದ ಬಸ್ಸು ಹತ್ತಿ ಬಂದಿದ್ದ.

"ಯಾಕೆ? ಕರೆಂಟು ಹೊಡೆಯುತ್ತದಾ?"

"ಮಾಟದ ವಸ್ತು ಅದು. ತೆಗೆದುಕೊಂಡವರ ಎಡಗೈ ಹೋಗುತ್ತದೆ. ಹೇಳುವುದು ನನ್ನ ಧರ್ಮ, ಹೇಳಿದೆ."

"ಅಜ್ಜ, ನಾನು ರೇಡಿಯೋ ರಿಪೇರಿ ಮಾಡುವವನು. ಕಣ್ಣಿಗೆ ಕಾಣದೆ ಮನುಷ್ಯನಿಗೆ ಹೊಡೆಯುವುದು ಅಂತ ಇದ್ದರೆ ಅದು ಕರೆಂಟು ಒಂದೇ. ಅದನ್ನು ಅಳೆಯಲಿಕ್ಕೆ ನನ್ನ ಚೀಲದಲ್ಲಿ ಮೀಟರ್ ಉಂಟು."

ಅಂಗಡಿಯಲ್ಲಿ ಇನ್ನೂ ಮೂರು ನಾಲ್ಕು ಜನರಿದ್ದರು. ಯಾರೂ ನಗಲಿಲ್ಲ. ಗ್ಲಾಸು ತೊಳೆಯುತ್ತಿದ್ದ ಹೆಂಗಸು ತೊಳೆಯುವುದನ್ನು ನಿಲ್ಲಿಸಿ ಅವನ ಎಡಗೈಯನ್ನೇ ನೋಡಿದಳು.

"ನಾನು ಹೇಳಿದ್ದು ಕೇಳಿಸಿತಲ್ಲ ನಿಮಗೆ? ಸರಿಯಾಗಿ ಕೇಳಿಸಿತಲ್ಲ?" ಎಂದು ದೂಮಪ್ಪ ಮತ್ತೊಮ್ಮೆ ಕೇಳಿದ.

"ಕೇಳಿಸಿತು ಮಾರಾಯ್ರೆ," ಎಂದು ಹಯಗ್ರೀವ ನಗುತ್ತಲೇ ಎದ್ದ. ಮುದುಕ ಆಗ ದಾರಿ ತೋರಿಸಿದ.

ಹಯಗ್ರೀವ ಅಂಥವನೇ. ಗ್ರಹಣದ ದಿನ ಜಗಲಿಯಲ್ಲಿ ಕುಳಿತು ಬೀದಿಗೆ ಕಾಣುವ ಹಾಗೆ ಅವಲಕ್ಕಿ ತಿಂದವನು. ಉಡುಪಿಯ ರಥಬೀದಿಯ ಹಿಂದಿನ ಓಣಿಯಲ್ಲಿ ಮನೆ. ಮಠದ ಅಡಿಗೆಗೆ ಇದ್ದ ತಂದೆ ತೀರಿಹೋಗಿ ಆರು ವರ್ಷ. ತಾಯಿ ಮನೋರಮಾ ಮಲ್ಲಿಗೆ ಕಟ್ಟಿ ಅಂಗಡಿಗಳಿಗೆ ಕೊಡುತ್ತಿದ್ದಳು. ಶಂಕರಪುರದಿಂದ ಬರುವ ಮೊಗ್ಗನ್ನು ಎಡಗೈಯ ಮೂರು ಬೆರಳಲ್ಲಿ ಹಿಡಿದು ಬಲಗೈಯಲ್ಲಿ ಬಾಳೆನಾರು ಸುತ್ತತೊಡಗಿದರೆ ಗಂಟು ಬಿದ್ದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಎರಡು ಕೈಗಳ ದುಡಿಮೆಯಲ್ಲೇ ಅವನು ಓದಿದ್ದು, ರೇಡಿಯೋ ಕೆಲಸ ಕಲಿತದ್ದು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರ ಬಗ್ಗೆ ಹೆಚ್ಚು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಅವನ ಯೋಚನೆ ಪೂರ್ತಿ ತನ್ನ ಎಡಗೈಯ ಮೇಲಿತ್ತು. ಗೆಳೆಯ ರೇಮಂಡನ ಮರದ ಗಿಟಾರಿನಲ್ಲಿ ಮೂರು ವರ್ಷ ಉಜ್ಜಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಉದ್ಯಾವರದ ವಲೇರಿಯನ್ನನ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುವವನು ಮಸ್ಕತ್‌ಗೆ ಹೋಗಿ ಜಾಗ ಖಾಲಿಯಾಗಿತ್ತು. "ಸ್ವಂತ ಎಲೆಕ್ಟ್ರಿಕ್ ಗಿಟಾರು ಇದ್ದರೆ ಬಾ, ಜನವರಿಯಲ್ಲಿ ಕಾರ್ಕಳದಲ್ಲಿ ಪ್ರೋಗ್ರಾಂ ಉಂಟು," ಎಂದಿದ್ದ ವಲೇರಿಯನ್. ಇದು ಎಂಬತ್ತೊಂದನೆಯ ಇಸವಿಯ ನವೆಂಬರಿನ ಮಾತು. ಹೊಸ ಗಿಟಾರಿನ ಬೆಲೆ ಕೇಳಿದರೆ ಎದೆ ನಡುಗುವ ಕಾಲ. ಕಾಪುವಿನದು ಅದರ ಕಾಲು ಭಾಗಕ್ಕೆ ಸಿಗುತ್ತಿತ್ತು.

ದೀಪಸ್ತಂಭದ ಬುಡದಿಂದ ದಕ್ಷಿಣಕ್ಕೆ ಹೋಗುವಾಗ ನೆತ್ತಿಯ ಮೇಲೆ ಬಿಸಿಲು. ಮರಳಿನಲ್ಲಿ ಹರಡಿದ್ದ ಒಣಮೀನಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಅಕ್ಕುವಿನ ಮನೆಯ ಒಳಗೆ ಕಾಲಿಟ್ಟಾಗ ಹೊರಗಿನ ಬೆಳಕಿಗೆ ಕಣ್ಣು ಕುರುಡಾಗಿ, ಮೊದಲು ಸಿಕ್ಕಿದ್ದು ವಾಸನೆಯೇ: ಹೊಗೆ, ಉಪ್ಪು, ಒದ್ದೆ ಕಬ್ಬಿಣ, ಅದರಡಿಯಲ್ಲಿ ಹೆಸರು ಹಿಡಿಯಲಾಗದ ಇನ್ನೊಂದು, ಬಹಳ ದಿನ ಬಿಚ್ಚದ ಬ್ಯಾಂಡೇಜಿನಂಥದ್ದು. ಆಮೇಲೆ ಅಕ್ಕು ಕಾಣಿಸಿದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಎಡಗೈಯನ್ನು ಸೆರಗಿನ ಒಳಗೆ ಇಟ್ಟುಕೊಂಡಿದ್ದಳು.

"ಮಗ ಬೊಂಬಾಯಿಯ ಹೋಟೆಲಿನಲ್ಲಿ ಬಾರಿಸುತ್ತಿದ್ದ," ಎಂದಳು. "ಈಗ ಹಡಗಿನಲ್ಲಿ ಇದ್ದಾನೆ. ಇದು ಅವನಿಗೆ ಬೇಡವಂತೆ."

ಒಲೆಯ ಮೇಲಿನ ಅಡ್ಡಮರದಿಂದ ಹಗ್ಗದಲ್ಲಿ ನೇತುಹಾಕಿದ್ದ ಗಿಟಾರನ್ನು ಅವಳು ಬಿಚ್ಚಲಿಲ್ಲ. ನೋಡುವುದಿದ್ದರೆ ಅಲ್ಲಿಯೇ ನೋಡಿ ಎಂದಳು. ಹಯಗ್ರೀವ ಸ್ಟೂಲು ಎಳೆದುಕೊಂಡು ನೋಡಿದ. ಜಪಾನಿನದ್ದು. ಕಡುಗೆಂಪು ಮೈ, ಬಿಳಿ ತಗಡಿನ ಮುಚ್ಚಳ. ಗಿಟಾರಿನ ಕತ್ತಿನ ಉದ್ದಕ್ಕೆ ಒಂದು ಕಣ್ಣಿಟ್ಟು ನೋಡಿದ, ಬಾಗಿರಲಿಲ್ಲ. ಇದು ಒಳ್ಳೆಯದು. ಕತ್ತಿನ ಮೇಲಿನ ಲೋಹದ ಕಡ್ಡಿಗಳಿಗೆ ಸಮುದ್ರದ ಗಾಳಿಗೆ ತುಕ್ಕು ಹಿಡಿದಿತ್ತು. ಉಜ್ಜಿದರೆ ಹೋದೀತು. ತಂತಿ ಬಿಗಿಯುವ ಕಿವಿಗಳಲ್ಲಿ ಒಂದು ಸಡಿಲ. ಬದಲಿಸಬಹುದು. ಕತ್ತಿನ ಹಿಂಭಾಗದಲ್ಲಿ ಒಂದೇ ಜಾಗದಲ್ಲಿ ಹೆಬ್ಬೆರಳಿನ ಅಗಲದ ತಗ್ಗು, ಮರವೇ ಸವೆದು ಕಪ್ಪಾಗಿತ್ತು. ಎಷ್ಟು ವರ್ಷ ಎಷ್ಟು ಬಿಗಿಯಾಗಿ ಹಿಡಿದರೆ ಮರ ಹಾಗೆ ಸವೆಯುತ್ತದೆ ಎಂಬುದು ಅವನಿಗೆ ತಿಳಿಯಲಿಲ್ಲ. ಇದು ಒಳ್ಳೆಯದಲ್ಲ.

ಚೀಲದಿಂದ ತಾನೇ ಕಟ್ಟಿದ, ಸೆಲ್ಲು ಹಾಕುವ ಪುಟ್ಟ ಆಂಪ್ಲಿಫೈಯರ್ ತೆಗೆದು ವಯರು ಸಿಕ್ಕಿಸಿದ. ಗುಂಯ್ ಎಂದಿತು. ತಂತಿಯ ಮೇಲೆ ಬೆರಳಿಟ್ಟ ಕೂಡಲೇ ಆ ಸದ್ದು ನಿಂತಿತು. ಅದರಲ್ಲಿ ವಿಶೇಷವಿಲ್ಲ. ಮನುಷ್ಯನ ಮೈಯೇ ಅದಕ್ಕೆ ಅರ್ತು, ಸದ್ದನ್ನು ನೆಲಕ್ಕಿಳಿಸುವ ದಾರಿ, ಎಲ್ಲ ಗಿಟಾರಿನಲ್ಲೂ ಹಾಗೆಯೇ. ಆದರೆ ಮೀಟಿದಾಗ ಬಂದ ದನಿ ಬೇರೆಯೇ ಇತ್ತು. ದಪ್ಪ, ಬೆಚ್ಚಗೆ, ಮನುಷ್ಯ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಅವನಿಗೆ ಆಸೆಯಾಯಿತು. ಆಸೆಯಾದಾಗ ವ್ಯಾಪಾರ ಮಾಡಬಾರದೆಂಬ ಬುದ್ಧಿಯೂ ಇತ್ತು. ಎರಡು ದಿನ ಬಿಟ್ಟು ಹೇಳುತ್ತೇನೆ ಎನ್ನಬೇಕೆಂದುಕೊಂಡ.

ಅಷ್ಟರಲ್ಲಿ, ಒಳಗಿನ ವಯರುಗಳನ್ನೂ ನೋಡಿಬಿಡೋಣ ಎಂದು ಸ್ಕ್ರೂಡ್ರೈವರಿನಿಂದ ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ತಾಮ್ರ. ಗುಳಿಯ ಗೋಡೆಗೆ ಸರಿಯಾಗಿ ಒತ್ತಿ ಕೂರಿಸಿದ ತಾಮ್ರದ ತಗಡು. ಹಯಗ್ರೀವನ ಮುಖ ಅರಳಿತು. ಗುಂಯ್‌ಗುಡುವ ಸದ್ದು ಒಳಗೆ ನುಗ್ಗದ ಹಾಗೆ ತಾಮ್ರ ಹೊದಿಸುವುದು ಗೊತ್ತಿದ್ದವರು ಮಾಡುವ ಕೆಲಸ. ಯಾರೋ ದೊಡ್ಡ ಮೆಕ್ಯಾನಿಕ್ ಕೈಯಾಡಿಸಿದ್ದಾನೆ ಎಂದುಕೊಂಡ. ತಗಡಿನ ಮೇಲೆ ಮೊಳೆಯಿಂದ ಗೀರಿದಂಥ ಗೆರೆಗಳಿದ್ದವು. ಕತ್ತಲಲ್ಲಿ ಅವು ಸರಿಯಾಗಿ ಕಾಣಲಿಲ್ಲ. ಕಾಣಬೇಕೆಂದು ಅವನು ಪ್ರಯತ್ನಿಸಲೂ ಇಲ್ಲ. ಉಡುಪಿಯ ಯಾವ ಅರ್ಚಕನಿಗೆ ತೋರಿಸಿದ್ದರೂ ಅದೇನೆಂದು ಹೇಳುತ್ತಿದ್ದ. ರೇಡಿಯೋದವನ ಕಣ್ಣಿಗೆ ಬಿದ್ದದ್ದರಿಂದ ಅದು ಒಳ್ಳೆಯ ಮಾಲಿನ ಗುರುತಾಯಿತು.

"ಆಗಬಹುದು," ಎಂದ. ಹಣ ಕೊಟ್ಟ.

ಅಕ್ಕು ಆಗ ಹಗ್ಗ ಬಿಚ್ಚಿದಳು. ಬಲಗೈಯಲ್ಲಿ ಗಿಟಾರಿನ ಮೈ ಹಿಡಿದು, ಕತ್ತನ್ನು ಸೆರಗಿನೊಳಗಿನ ಎಡಗೈಗೆ ಸೇರಿಸಿ ಅವನ ಮುಂದೆ ಹಿಡಿದಳು.

"ನನ್ನ ಅಣ್ಣ ದಾರಿಯಲ್ಲಿ ಸಿಕ್ಕಿದ್ದನಾ?" ಎಂದಳು.

"ಎಲೆಯಡಿಕೆ ಅಜ್ಜನಾ? ಸಿಕ್ಕಿದ್ದರು. ನೆಲದಲ್ಲಿ ಇಡಲಿಕ್ಕೆ ಹೇಳಬೇಕಂತೆ."

"ಇಡಬೇಕಾ?"

ಹಯಗ್ರೀವ ನಕ್ಕ. ನೆಲದಲ್ಲಿ ಮೀನಿನ ಹುರುಪೆ, ಮರಳು. ಒಳ್ಳೆಯ ವಾರ್ನಿಷು ಗೀರಿಹೋದೀತು. "ಬೇಡ, ಕೊಡಿ," ಎಂದು ಎರಡೂ ಕೈ ಚಾಚಿದ. ಎಳೆದರೆ ಒಮ್ಮೆಗೇ ಬರಲಿಲ್ಲ. ಸೆರಗಿನ ಒಳಗೆ ಏನೋ ಬಿಗಿಯಾಗಿ ಹಿಡಿದಿತ್ತು. ಮತ್ತೆ, ಬಾಟಲಿಯ ಬಿರಡೆ ಬಿಟ್ಟ ಹಾಗೆ, ಬಿಟ್ಟಿತು. ಅವನ ಎಡ ಅಂಗೈಗೆ ತಣ್ಣಗೆ ಏನೋ ತಾಗಿತು. ಬಾವಿಯ ನೀರಿನ ತಂಪು. ಅಂಥ ಸೆಕೆಯಲ್ಲಿ ಅದು ಹಿತವಾಗಿಯೇ ಇತ್ತು.

ಅಂಗಳ ದಾಟುವಾಗ ಹಿಂದಿನಿಂದ ಚಪ್ಪಾಳೆಯ ಸದ್ದು ಕೇಳಿ ತಿರುಗಿ ನೋಡಿದ. ಅಕ್ಕು ಹೊಸ್ತಿಲ ಮೇಲೆ ನಿಂತು ಎರಡೂ ಕೈ ಎತ್ತಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಅಳುತ್ತಿದ್ದಳು. ಮಗನ ವಸ್ತು ಹೋಯಿತೆಂದು ಬೇಸರವಾಗಿರಬೇಕು ಎಂದುಕೊಂಡು ಅವನು ಬಸ್ಸಿಗೆ ನಡೆದ.

ಮನೆಗೆ ಬಂದು ಊಟಕ್ಕೆ ಕುಳಿತವನು ದೂಮಪ್ಪನ ವೇಷ ಕಟ್ಟಿ ಅಮ್ಮನಿಗೆ ತೋರಿಸಿದ. ಕಣ್ಣು ಹೊರಳಿಸಿದ, ಮೂರು ಸಲ ಉಗುಳಿದಂತೆ ಮಾಡಿದ, ಎಡಗೈ ಹೋಗುತ್ತದಂತೆ ಎಂದ. ಮನೋರಮಾ ನಗಲಿಲ್ಲ.

"ಉಪ್ಪನ್ನು ಕೂಡ ಕೈಯಿಂದ ಕೈಗೆ ಕೊಡುವುದಿಲ್ಲ ನಾವು. ಅಷ್ಟು ಹಿರಿಯರು ಹೇಳಿದ ಮೇಲೆ ಒಮ್ಮೆ ನೆಲಕ್ಕೆ ಇಡಿಸಿದರೆ ನಿನಗೆ ಎಂತ ಕಡಿಮೆಯಾಗುತ್ತಿತ್ತು?"

"ವಾರ್ನಿಷು," ಎಂದ ಹಯಗ್ರೀವ.

ಮೊದಲ ವಾರ ಬೆರಳ ತುದಿಗಳು ಮರಗಟ್ಟಿದವು. ಜಡ್ಡು ಜಾಸ್ತಿಯಾಗಿದೆ ಎಂದುಕೊಂಡ. ಎರಡನೆಯ ವಾರ ಅಂಗಡಿಯಲ್ಲಿ ಒಂದು ರೇಡಿಯೋಕ್ಕೆ ಬೆಸುಗೆ ಹಾಕುತ್ತಿದ್ದಾಗ ಚರ್ಮ ಸುಟ್ಟ ವಾಸನೆ ಬಂತು. ಎಲ್ಲಿಂದ ಎಂದು ಹುಡುಕಿದ. ಬೆಸುಗೆಯ ಕಾದ ಸಲಾಕೆ ಅವನ ಎಡಗೈಯ ತೋರುಬೆರಳಿಗೇ ತಾಗಿಕೊಂಡಿತ್ತು. ಬೆರಳು ಹೊಗೆಯಾಡುತ್ತಿತ್ತು. ನೋವು ಮಾತ್ರ ಇರಲಿಲ್ಲ.

ಹೆದರಬೇಕಿತ್ತು. ಆದರೆ ಗಿಟಾರು ಹಿಡಿದರೆ ಅದೇ ಕೈ ಅವನಿಗೆ ತಿಳಿಯದ್ದನ್ನೂ ಬಾರಿಸುತ್ತಿತ್ತು. ನೋವಿಲ್ಲದ ಬೆರಳಿಗೆ ದಣಿವಿಲ್ಲ. ವಲೇರಿಯನ್ ಕೇಳಿ, "ನಿನ್ನಷ್ಟು ಚುರುಕು ಕೈ ಈ ಕಡೆ ಇಲ್ಲ ಮಾರಾಯ," ಎಂದ. ಹೊಗಳಿಕೆ ಕೇಳಿದ ಮೇಲೆ ಹಯಗ್ರೀವ ಬೇರೇನನ್ನೂ ಕೇಳಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗಿ ಕೈ ತೋರಿಸಿ ಬಾ ಎಂದು ಅಮ್ಮ ದಿನಕ್ಕೆರಡು ಸಲ ಹೇಳಿದಳು. ಕಾರ್ಕಳದ ಪ್ರೋಗ್ರಾಂ ಮುಗಿಯಲಿ ಎಂದ.

ಪ್ರೋಗ್ರಾಮಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಅಮ್ಮ ಹೊರಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು. ಬೀದಿಗೆ ಸದ್ದು ಹೋಗದಿರಲೆಂದು ಅವನು ಒಳಕೋಣೆಯ ಕಿಟಕಿ, ಬಾಗಿಲು ಮುಚ್ಚಿ, ಬಲ್ಬು ಹಾಕಿ ನೆಲದಲ್ಲಿ ಚಕ್ಕಳಮಕ್ಕಳ ಕುಳಿತ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಹಂಚಿನ ಸಂದಿಯಿಂದ ಬೀಳುವ ಒಂದು ಬೆಳಕಿನ ಕಡ್ಡಿ ಬಿಟ್ಟರೆ ಕೋಣೆಯಲ್ಲಿ ಕತ್ತಲು. ಆಂಪ್ಲಿಫೈಯರಿಗೆ ಸೆಲ್ಲು ಇತ್ತು. ಬಾರಿಸುತ್ತಲೇ ಇದ್ದ.

ಗುಂಯ್ ಎಂದಿತು. ಬೆರಳು ತಂತಿಯ ಮೇಲಿದ್ದಾಗಲೇ. ಹಾಗಾಗಬಾರದು. ತಂತಿಯನ್ನು ಅಂಗೈಯಿಂದ ಒತ್ತಿದ. ನಿಲ್ಲಲಿಲ್ಲ. ಬಲಗೈಯಿಂದ ಸ್ವಿಚ್ಚು ಆರಿಸಿದ. ನಿಲ್ಲಲಿಲ್ಲ. ಸೆಲ್ಲುಗಳನ್ನು ಕಿತ್ತು ನೆಲಕ್ಕೆ ಹಾಕಿದ. ನಾಲ್ಕೂ ಉರುಳಿಹೋಗಿ ಗೋಡೆಗೆ ತಾಗಿದ ಸದ್ದು ಕೇಳಿತು. ಸ್ಪೀಕರು ಇನ್ನೂ ಗುಂಯ್‌ಗುಡುತ್ತಿತ್ತು.

ಆಮೇಲೆ ಆ ಗುಂಯ್ ಒಳಗೆ ಮಾತು ಕೇಳಿಸಿತು.

ಗಂಡಸಿನ ದನಿ. ಹಿಂದಿಯಲ್ಲಿ. ಹಾಥ್ ಸೇ ಮತ್ ಲೇನಾ, ಕೈಯಿಂದ ತೆಗೆದುಕೊಳ್ಳಬೇಡ. ಅದರ ಹಿಂದೆಯೇ ಒಂದು ನಗು. ಬೇರೆ ದನಿ, ಮರಾಠಿ. ಅದೇ ಎಚ್ಚರಿಕೆಯ ಸ್ವರ, ಮತ್ತೆ ಒಂದು ನಗು. ಕೊಂಕಣಿಯಲ್ಲಿ ಒಬ್ಬಳು ಮುದುಕಿ. ನಗು. ಒಂದರ ಮೇಲೊಂದು. ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಕೊನೆಗೆ ಎಲೆಯಡಿಕೆ ತುಂಬಿದ ಬಾಯಿ. ನೆಲದಲ್ಲಿ ಇಡಲಿಕ್ಕೆ ಹೇಳಿ ಭಟ್ರೇ. ಅದರ ಹಿಂದೆ ಬಂದ ನಗು ಅವನಿಗೆ ಪರಿಚಯದ್ದು. ಅದು ಅವನದೇ.

ಗಿಟಾರನ್ನು ಬಿಡಲು ನೋಡಿದ. ಎಡಗೈ ಬಿಡಲಿಲ್ಲ. ಬೆರಳುಗಳು ಕತ್ತಿನ ಸುತ್ತ ಮುಚ್ಚಿದವು. ಅವನು ಮುಚ್ಚಲಿಲ್ಲ. ಅವೇ ಮುಚ್ಚಿದವು. ಹೆಬ್ಬೆರಳು ಹಿಂದಿನ ತಗ್ಗಿಗೆ ಹೋಗಿ ಕುಳಿತಿತು. ಸರಿಯಾಗಿ ಕುಳಿತಿತು. ಗಿಟಾರಿನ ತಲೆಯ ಬದಿ ಕಿರ್ ಎಂದಿತು. ಕಿವಿಗಳು ತಾವಾಗಿ ತಿರುಗುತ್ತಿದ್ದವು. ತಂತಿ ಬಿಗಿಯಿತು. ಇನ್ನೂ ಬಿಗಿಯಿತು. ತಂತಿ ಚರ್ಮದ ಒಳಗೆ ಇಳಿಯಿತು. ಬಿಸಿಯಾಗಿ ರಕ್ತ ಮೊಣಕೈಗೆ ಹರಿಯಿತು. ಒದ್ದೆ ಕಬ್ಬಿಣದ ವಾಸನೆ. ಅಕ್ಕುವಿನ ಮನೆಯ ವಾಸನೆ. ಗಿಟಾರನ್ನು ನೆಲಕ್ಕೆ ಒತ್ತಿದ. ನೆಲಕ್ಕೆ ಬಡಿದ. ಈಗ ನೆಲಕ್ಕೆ ತಾಗಿಸಿದರೂ ಅದು ಬಿಡಲಿಲ್ಲ.

"ಅಮ್ಮಾ," ಎಂದು ಕೂಗಿದ.

ಬಾಗಿಲು ತೆರೆಯಿತು. ಮನೋರಮಾ ಹೂ ಕಟ್ಟುತ್ತಿದ್ದ ಕೈಯಲ್ಲೇ ಓಡಿ ಬಂದಿದ್ದಳು. ನೆಲದ ಸೆಲ್ಲುಗಳನ್ನು ನೋಡಿದಳು, ಸದ್ದು ಮಾಡುತ್ತಿದ್ದ ಪೆಟ್ಟಿಗೆಯನ್ನು ನೋಡಿದಳು, ಮಗನ ಕೈಯನ್ನು ನೋಡಿದಳು. ಅವನು ಊಟದ ಹೊತ್ತು ಕುಣಿದು ತೋರಿಸಿದ್ದೆಲ್ಲ ಅವಳಿಗೆ ನೆನಪಿತ್ತು.

"ಕೊಡು ಇಲ್ಲಿ," ಎಂದಳು.

"ಬೇಡ ಅಮ್ಮ. ನೀನು ಮುಟ್ಟಬೇಡ. ಕೈಯಿಂದ ಕೈಗೆ..."

"ಗೊತ್ತುಂಟು. ಕೊಡು."

ಎರಡೂ ಕೈಯಿಂದ ಹಿಡಿದು ಎಳೆದಳು. ಬಿಟ್ಟಿತು. ಸದ್ದು ಒಮ್ಮೆಲೇ ನಿಂತಿತು. ಹಯಗ್ರೀವನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು, ಬಿಚ್ಚಿಕೊಂಡಂತೆ ನೋವು ಬಂತು, ಸುಟ್ಟ ಬೆರಳಿನ ಹಳೆಯ ನೋವೂ ಬಂತು. ಅವನು ಅಮ್ಮನ ಕಡೆ ನೋಡಿದ. ಅವಳು ಗಿಟಾರನ್ನು ಬಲಗೈಯಿಂದ ಮೂಲೆಗೆ ಒರಗಿಸಿ, ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಆ ಕೈ, ಕಾಣದ ಕತ್ತೊಂದನ್ನು ಹಿಡಿದ ಹಾಗೆ ಮಡಚಿಕೊಂಡಿತ್ತು. ಓಡಿ ಬರುವಾಗ ಬೆರಳಲ್ಲಿದ್ದ ಎರಡು ಮಲ್ಲಿಗೆ ಮೊಗ್ಗು ಅದರ ಒಳಗೆ ಸಿಕ್ಕಿಕೊಂಡಿದ್ದವು.

ಆ ಸಂಜೆ ಹಯಗ್ರೀವ ಅವಳ ಕೈಯಿಂದ ಗಿಟಾರನ್ನು ಹತ್ತು ಸಲ ತೆಗೆದುಕೊಂಡ. ಹದಿನೈದು ಸಲ ತೆಗೆದುಕೊಂಡ. ಅವಳ ಕಾಲು ಹಿಡಿದು ಅತ್ತು, ಮತ್ತೆ ತೆಗೆದುಕೊಂಡ. ಅವನ ಕೈಗೆ ಏನೂ ಆಗಲಿಲ್ಲ. ಅವಳದು ಬಿಚ್ಚಲಿಲ್ಲ. ಕಾರ್ಕಳಕ್ಕೆ ಅವನು ಹೋಗಲಿಲ್ಲ. ಸೋಮವಾರ ಮಣಿಪಾಲಕ್ಕೆ ಕರೆದುಕೊಂಡು ಹೋದ. ಡಾಕ್ಟರು ಕೈ ತಿರುಗಿಸಿ ನೋಡಿ, ನರದ್ದಿರಬಹುದು, ಬಿಚ್ಚಲು ಬಲ ಹಾಕಬೇಡಿ, ಮುರಿಯುತ್ತದೆ ಎಂದರು. ಒಳಗಿನ ಮೊಗ್ಗುಗಳು ಕೊಳೆತವು. ಕೊಳೆತ ಮಲ್ಲಿಗೆಯ ವಾಸನೆ ಮನೆಯಲ್ಲಿ ತುಂಬಿತು. ಅಮ್ಮ ಒಂದೇ ಕೈಯಲ್ಲಿ ಅಕ್ಕಿ ತೊಳೆಯುವಾಗ ಆ ವಾಸನೆ ಅನ್ನಕ್ಕೂ ಬರುತ್ತಿತ್ತು. ಅವಳ ಹೂವಿನ ಬುಟ್ಟಿ ಮಗುಚಿ ಹಾಕಿದ್ದು ಹಾಗೆಯೇ ಇತ್ತು.

ಎರಡನೆಯ ವಾರ ಅವನು ಕಾಪುವಿಗೆ ಹೋದ. ಜಗಳಕ್ಕೇ ಹೋದದ್ದು. ಅಕ್ಕುವಿನ ಅಂಗಳದಲ್ಲಿ ದೂಮಪ್ಪ ಕುಳಿತಿದ್ದ. ಅಕ್ಕು ಎರಡೂ ಕೈಯಲ್ಲಿ ಮೀನು ಹೆಚ್ಚುತ್ತಿದ್ದಳು. ಅವನನ್ನು ಕಂಡು ಅವಳು ಕತ್ತಿ ಕೆಳಗಿಟ್ಟಳು. ಅವಳ ಕಣ್ಣು ಮೊದಲು ಹೋದದ್ದು ಅವನ ಎಡಗೈಗೆ. ಅದು ಸರಿಯಾಗಿರುವುದನ್ನು ಕಂಡು ಮುಖ ಬಾಡಿತು.

"ಯಾರು ತೆಗೆದುಕೊಂಡರು?" ಎಂದಳು.

"ನನ್ನ ಅಮ್ಮ."

ಅಕ್ಕು ಎದ್ದು ಒಳಗೆ ಹೋದಳು.

"ಅವಳೂ ಹಾಗೆಯೇ," ಎಂದ ದೂಮಪ್ಪ. ಇವತ್ತು ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ಮಾತು ನೀಟಾಗಿತ್ತು. "ಚಂದುವಿನ ಕೈಯಿಂದ ಅವಳೇ ಕಿತ್ತುಕೊಂಡದ್ದು. ಅಮ್ಮನ ಕೈ ನೋಡಲಿಕ್ಕೆ ಆಗುವುದಿಲ್ಲ ಅಂತ ಅವನು ಹಡಗು ಹತ್ತಿದ. ನಾಲ್ಕು ವರ್ಷವಾಯಿತು, ಬರಲಿಲ್ಲ."

"ನನಗೆ ಯಾಕೆ ಕೊಟ್ಟಿರಿ? ನಾನು ನಿಮಗೆ ಎಂತ ಮಾಡಿದ್ದೆ?"

"ಎಂತ ಮಾಡಲಿಲ್ಲ. ನೀವು ಬಂದಿರಿ. ನಾನು ಹೇಳಿದೆ ಅಲ್ವಾ?"

"ಹುಚ್ಚನ ಹಾಗೆ ಹೇಳಿದಿರಿ. ಯಾರು ನಂಬುತ್ತಾರೆ?"

"ಹಾಗೆಯೇ ಹೇಳಬೇಕು ಭಟ್ರೇ." ದೂಮಪ್ಪ ಅವನ ಮುಖ ನೋಡದೆ, ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದ. "ಹೇಳದೆ ಕೊಟ್ಟರೆ ಅದು ಹೋಗುವುದಿಲ್ಲ. ಮೊದಲು ಇಬ್ಬರಿಗೆ ಹೇಳದೆ ಕೊಟ್ಟೆವು. ಇವಳ ಕೈ ಬಿಡಲಿಲ್ಲ. ಮತ್ತೆ ಬಂದವನಿಗೆ ಸರಿಯಾಗಿ ಹೇಳಿದೆ. ಅವನು ಹೆದರಿ ನೆಲದಲ್ಲಿ ಇಡಿಸಿಕೊಂಡ. ಆಗಲೂ ಬಿಡಲಿಲ್ಲ. ಮೂವರೂ ಕೊನೆಗೆ ಹೆದರಿ ವಾಪಸು ತಂದು ಹಾಕಿ ಹೋದರು. ಕಿವಿಯಾರೆ ಕೇಳಬೇಕು, ಕೇಳಿಯೂ ಕೈ ಚಾಚಬೇಕು. ಅಂಥವನಿಗೆ ಮಾತ್ರ ಹೋಗುತ್ತದೆ. ಹೆದರುವ ಹಾಗೆ ಹೇಳಬಾರದು. ನಗುವ ಹಾಗೆ ಹೇಳಬೇಕು."

ಸುಟ್ಟುಬಿಡುತ್ತೇನೆ ಎಂದ ಹಯಗ್ರೀವ. ಸುಟ್ಟರೆ ಅಮ್ಮನ ಕೈ ಇದ್ದಲ್ಲಿಗೇ ನಿಂತೀತು, ಮತ್ತೆ ಕೊಡಲಿಕ್ಕೆ ವಸ್ತುವೇ ಇಲ್ಲ ಎಂದ ದೂಮಪ್ಪ. ಒಮ್ಮೆ ಬಿಟ್ಟ ಕೈಗೆ ಅದು ತಿರುಗಿ ಹೋಗುವುದಿಲ್ಲ ಎಂದೂ ಹೇಳಿದ. ಬೊಂಬಾಯಿಯಲ್ಲಿ ಯಾವ ಬ್ಯಾಂಡಿನವನು ಯಾರ ಕೈ ಬೀಳಲಿ ಎಂದು ಗಿಟಾರಿನ ಒಳಗಿನ ಆ ಮಾಟದ ತಗಡು ಬರೆಸಿದನೋ ದೂಮಪ್ಪನಿಗೂ ಗೊತ್ತಿರಲಿಲ್ಲ.

"ಬೇರೆಯವರ ಮಕ್ಕಳು ಹಾಳಾಗಲಿ ಅಂತಲಾ ನಿಮ್ಮ ಧರ್ಮ?" ಎಂದು ಕೇಳಿದ ಹಯಗ್ರೀವ.

"ನಿಮ್ಮ ಅಮ್ಮನ ಕೈ ನೋಡುತ್ತಾ ಇರಿ. ಮತ್ತೆ ನನ್ನಲ್ಲಿ ಧರ್ಮದ ವಿಷಯ ಮಾತಾಡಿ," ಎಂದ ದೂಮಪ್ಪ.

ಅವನು ನೋಡಿದ. ಒಂದು ತಿಂಗಳು ನೋಡಿದ. ಜಡೆ ಹಾಕಿಕೊಳ್ಳಲಾಗದೆ ಅಮ್ಮ ಕೂದಲು ಕತ್ತರಿಸಿಕೊಂಡಳು. ಬಾವಿಯ ಹಗ್ಗ ಎಳೆಯಲಾಗದೆ ಪಕ್ಕದ ಮನೆಯವರನ್ನು ಕೂಗಿದಳು. ಒಂದು ದಿನ ಅವಳು ಯಾರೂ ಇಲ್ಲವೆಂದುಕೊಂಡು ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಗಂಟು ಹಾಕಲು ನೋಡುತ್ತಿದ್ದುದನ್ನು ಅವನು ಬಾಗಿಲ ಸಂದಿಯಿಂದ ಕಂಡ. ಮೊಗ್ಗು ಉದುರಿ ಉದುರಿ ಬೀಳುತ್ತಿತ್ತು. ಆ ಸಂಜೆಯೇ ಅವನು ಅಂಗಡಿಯ ಹಲಗೆಗೆ ಚೀಟಿ ಅಂಟಿಸಿದ. ಜಪಾನಿನ ಎಲೆಕ್ಟ್ರಿಕ್ ಗಿಟಾರು, ಕಡಿಮೆ ಬೆಲೆಗೆ.

ಲೀಲಾಧರ ಎಂಬವನು ಅಂಗಡಿಗೆ ಬಂದ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವನು, ಮನೆ ಕಾರ್ಕಳದಲ್ಲಿ. ಉದ್ದ ಕೂದಲು, ಒಳ್ಳೆಯ ನಗು.

"ಮನೆಯಲ್ಲಿ ಅಮ್ಮನಿಗೆ ಗೊತ್ತಾಗಬಾರದು ಸರ್," ಎಂದ. "ಓದುವುದು ಬಿಟ್ಟು ಇದೆಂತ ಅಂತ ಬೈಯುತ್ತಾರೆ."

ಹಯಗ್ರೀವ ಜನ್ಮದಲ್ಲಿ ಎಲೆಯಡಿಕೆ ತಿಂದವನಲ್ಲ. ಆ ದಿನ ತಿಂದಿದ್ದ. ಕಣ್ಣುಗುಡ್ಡೆ ಹೊರಳಿಸಿದ. ದನಿ ಇಳಿಸಿದ. ಎದೆಗೆ ಕೈ ಒತ್ತಿಕೊಂಡ. ಮಾಟದ ವಸ್ತು, ತೆಗೆದುಕೊಂಡವರ ಎಡಗೈ ಹೋಗುತ್ತದೆ, ನನ್ನ ಅಮ್ಮನ ಕೈಯಿಂದ ನೇರ ತೆಗೆದುಕೊಳ್ಳಬೇಡಿ, ನೆಲದಲ್ಲಿ ಇಡಲಿಕ್ಕೆ ಹೇಳಿ ಎಂದು ಪಕ್ಕಕ್ಕೆ ತಿರುಗಿ ಮೂರು ಸಲ ಉಗುಳಿದ. ಲೀಲಾಧರ ಬಿದ್ದು ಬಿದ್ದು ನಕ್ಕ.

"ನೀವು ರೇಡಿಯೋದವರು, ಇದನ್ನೆಲ್ಲ ನಂಬುತ್ತೀರಾ?"

"ಕೇಳಿಸಿತಲ್ಲ ನಿಮಗೆ?" ಎಂದ ಹಯಗ್ರೀವ. "ಸರಿಯಾಗಿ ಕೇಳಿಸಿತಲ್ಲ?"

ಮನೆಯಲ್ಲಿ ಲೀಲಾಧರ ಕತ್ತು ನೋಡಿದ, ಕಿವಿ ತಿರುಗಿಸಿದ, ತಂತಿ ಮೀಟಿ ಕಣ್ಣು ಮುಚ್ಚಿಕೊಂಡ. ತುಕ್ಕಿನ ಲೆಕ್ಕ ಒಂದು ಕಡೆ, ದನಿಯ ಆಸೆ ಇನ್ನೊಂದು ಕಡೆ ತೂಗುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. ಆಗಬಹುದು ಎಂದ. ಅಮ್ಮನಿಗೆ ಹಯಗ್ರೀವ ಏನೂ ಹೇಳಿರಲಿಲ್ಲ. ಬಂದವರಿಗೆ ನೀನೇ ತಂದು ಕೊಡು ಎಂದಿದ್ದ, ಅಷ್ಟೇ. ಅವಳು ಗಿಟಾರನ್ನು ಎತ್ತಿ, ಕತ್ತನ್ನು ಮಡಚಿದ ಎಡಗೈಗೆ ಸೇರಿಸಿ ಹೊರಗೆ ತಂದಳು. ಹುಡುಗನ ಮುಖ ನೋಡಿದಳು. ಮತ್ತೆ, ಮಗನ ಕಡೆ ತಿರುಗದೆ, ಸೊಂಟ ಬಗ್ಗಿಸಿ ಗಿಟಾರನ್ನು ನೆಲಕ್ಕೆ ಇಳಿಸತೊಡಗಿದಳು.

ನೆಲಕ್ಕೆ ಒಂದು ಗೇಣು. ನಾಲ್ಕು ಬೆರಳು.

"ಅಯ್ಯೋ, ಬೇಡ ಅಮ್ಮ, ಗೀರು ಬೀಳುತ್ತದೆ. ಇಲ್ಲಿ ಕೊಡಿ," ಎಂದು ಲೀಲಾಧರ ಬಗ್ಗಿ, ನೆಲ ಮುಟ್ಟುವ ಮೊದಲೇ ಅವಳ ಕೈಯಿಂದ ಎಳೆದುಕೊಂಡ.

ಬೇಡ ಎನ್ನಲು ಹಯಗ್ರೀವನಿಗೆ ಹೊತ್ತಿತ್ತು. ಬಾಯಿಯೂ ಇತ್ತು. ಅವನು ಸುಮ್ಮನೆ ನಿಂತ.

ಬಿಟ್ಟ ಸದ್ದು ಕೇಳಿತು. ಲೀಲಾಧರ ತನ್ನ ಎಡ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಎಷ್ಟು ತಂಪು ಉಂಟು ಇದು," ಎಂದ. ಗಿಟಾರನ್ನು ಹೆಗಲಿಗೇರಿಸಿ, ನಮಸ್ಕಾರ ಹೇಳಿ, ಓಣಿಯ ತಿರುವಿನಲ್ಲಿ ಒಮ್ಮೆ ಕೈ ಬೀಸಿ ಹೋದ. ಎಡಗೈಯನ್ನೇ ಬೀಸಿದ.

ಮನೋರಮಾ ಜಗಲಿಯಲ್ಲಿ ಕುಳಿತು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡಿದ್ದವು. ಮಧ್ಯದಲ್ಲಿ ಎರಡು ಮೊಗ್ಗುಗಳ ಕಪ್ಪು ಕಲೆ. ಅವಳು ಅದನ್ನು ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು.

"ಅವನಿಗೆ ನೀನು ಹೇಳಿದ್ದೆಯಾ?" ಎಂದು ಕೇಳಿದಳು.

"ಹೇಳಿದ್ದೆ ಅಮ್ಮ."

"ಹೇಗೆ ಹೇಳಿದೆ?"

ಅವನ ತುಟಿಯ ಅಂಚಿನಲ್ಲಿ ಒಣಗಿದ್ದ ಕೆಂಪನ್ನು ಅವಳು ನೋಡಿದಳು.

"ಅವನಿಗೆ ಅಮ್ಮ ಇದ್ದಾರಾ?"

"ಇದ್ದಾರೆ. ಕಾರ್ಕಳದಲ್ಲಿ."

"ಹಾಗಾದರೆ ಅವರಿಗೆ ಹೋಗುತ್ತದೆ," ಎಂದಳು ಮನೋರಮಾ.

ಎದ್ದು ಹೋಗಿ ಮಗುಚಿಟ್ಟಿದ್ದ ಬುಟ್ಟಿಯನ್ನು ನೆಟ್ಟಗೆ ಮಾಡಿ ತಂದಳು. ಮರುದಿನದಿಂದ ಹೂ ಕಟ್ಟಿದಳು, ಗಂಟು ಮೊದಲಿನ ಹಾಗೆಯೇ ಬೀಳುತ್ತಿತ್ತು. ಮಗನಿಗೆ ಊಟವನ್ನೂ ಬಡಿಸಿದಳು. ಆದರೆ ಅವತ್ತಿನಿಂದ ನೀರಿನ ಲೋಟವನ್ನಾಗಲಿ, ಹಣ್ಣನ್ನಾಗಲಿ ಅವನ ಕೈಗೆ ಕೊಡಲಿಲ್ಲ. ನೆಲದಲ್ಲಿ ಇಡುತ್ತಿದ್ದಳು. ಅವನು ಎತ್ತಿಕೊಳ್ಳುತ್ತಿದ್ದ.